ಹಳೆಯ ಲಾರಿಯ ಬಾನೆಟ್ಟಿಗೊಂದು ಬೀಗ

ಬೆಳಗಿನ ಐದು ಗಂಟೆ. ಕೃಷಿ ಮಾರುಕಟ್ಟೆಯ ಅಂಗಳದ ಹೊರಗೆ, ರಸ್ತೆಯ ಅಂಚಿನಲ್ಲಿ ಒಂದು ಹಳೆಯ ಲಾರಿ ನಿಂತಿದೆ. ಮೇಲೆ ಟೊಮೆಟೊ ಹೇರಿದೆ. ಚಾಲಕ ಸೀಟು ಹತ್ತಿ ಕೀಲಿ ತಿರುಗಿಸುತ್ತಾನೆ. ಎಂಜಿನ್ ಗುಡುಗುವುದಿರಲಿ, ಎದುರಿನ ಕೆಂಪು ದೀಪವೂ ಹೊತ್ತುವುದಿಲ್ಲ. ಕ್ಲೀನರ್ ಹುಡುಗ ಇಳಿದು ಬಾನೆಟ್ ಎತ್ತುತ್ತಾನೆ. ಬ್ಯಾಟರಿ ಇದ್ದ ತಟ್ಟೆ ಖಾಲಿ! ಕತ್ತರಿಸಿದ ಎರಡು ದಪ್ಪ ವೈರುಗಳು ಮಾತ್ರ ಜೋತುಬಿದ್ದಿವೆ.

ಇಂಥ ಲಾರಿಯ ಚಾಲಕನೇ ಎಷ್ಟೋ ಸಲ ಅದರ ಮಾಲೀಕನೂ ಆಗಿರುತ್ತಾನೆ. ಹೊಸ ಬ್ಯಾಟರಿಯ ಬೆಲೆ, ಕೈತಪ್ಪಿದ ದಿನದ ಬಾಡಿಗೆ, ಬಿಸಿಲಿಗೆ ಮೆತ್ತಗಾಗುವ ಮಾಲು, ಮೂರೂ ಅವನ ತಲೆಯ ಮೇಲೆಯೇ. ಮಕ್ಕಳ ಶಾಲೆಯ ಖರ್ಚು ಬರಬೇಕಾದದ್ದೂ ಅದೇ ದುಡಿಮೆಯಿಂದ. ಬಾನೆಟ್ಟಿಗೆ ಒಂದು ಬೀಗ ಇದ್ದಿದ್ದರೆ? ಪ್ರಶ್ನೆ ಸರಳ. ಉತ್ತರದಲ್ಲಿ ಮಾತ್ರ ಶಾಲೆಯಲ್ಲಿ ಕಲಿತ ಸನ್ನೆ, ಒತ್ತಡ, ವಿದ್ಯುತ್ ಪ್ರವಾಹ ಎಲ್ಲವೂ ಬಂದು ಸೇರುತ್ತವೆ.

ಅಂದಿನ ಸೌಕರ್ಯ, ಇಂದಿನ ತೊಂದರೆ

ಈಗಿನ ಹೆಚ್ಚಿನ ಕಾರುಗಳ ಬಾನೆಟ್ ತೆರೆಯಬೇಕಾದರೆ ಮೊದಲು ಒಳಗೆ ಕುಳಿತು ಒಂದು ಹಿಡಿಯನ್ನು ಎಳೆಯಬೇಕು. ಹಿಡಿಗೆ ಕಟ್ಟಿದ ತಂತಿ ಮುಂದಿನ ಚಿಲಕವನ್ನು ಸಡಿಲಿಸುತ್ತದೆ. ಬಾಗಿಲಿಗೆ ಬೀಗ ಬಿದ್ದರೆ ಬಾನೆಟ್ಟಿಗೂ ಬಿದ್ದಂತೆ. ಹಳೆಯ ವಾಹನಗಳಲ್ಲಿ ಈ ಏರ್ಪಾಡು ಇರಲಿಲ್ಲ. 1920ರ ದಶಕದ ಅನೇಕ ವಾಹನಗಳಲ್ಲಿ ಬಾನೆಟ್ಟಿನ ನಡುವೆ ಉದ್ದಕ್ಕೂ ಕೀಲು ಇದ್ದು, ಎರಡು ಬದಿಗಳೂ ಚಿಟ್ಟೆಯ ರೆಕ್ಕೆಗಳಂತೆ ಮೇಲೇಳುತ್ತಿದ್ದವು. ಮುಂದೆ ಮೊಸಳೆಯ ಬಾಯಿಯಂತೆ ತೆರೆಯುವ ಬಾನೆಟ್ ಬಂದಿತಾದರೂ ಚಿಲಕ ಹೊರಗೇ ಉಳಿಯಿತು. ಅಮೆರಿಕದ 1960ರ ದಶಕದ ಅನೇಕ ಪಿಕಪ್ ವಾಹನಗಳಲ್ಲಿಯೂ ಮುಂದಿನ ಜಾಲರಿಯ ಬಳಿ ಬೆರಳು ತೂರಿಸಿದರೆ ಚಿಲಕ ಸಿಗುತ್ತದೆ.

ಇದು ತಯಾರಕರ ಅಜಾಗರೂಕತೆಯಲ್ಲ. ಆಗಿನ ಎಂಜಿನ್ನಿಗೆ ಆಗಾಗ ನೀರು ಹಾಕಬೇಕಿತ್ತು, ಎಣ್ಣೆ ನೋಡಬೇಕಿತ್ತು. ಯಾರೇ ಆಗಲಿ ಥಟ್ಟನೆ ತೆರೆಯುವಂತಿರುವುದೇ ಅನುಕೂಲವಾಗಿತ್ತು. ಭಾರತದಲ್ಲಿ 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆನ್ಸ್ ಜೊತೆಗೂಡಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಕೆ ಆರಂಭಿಸಿತು. ಮೂತಿ ಮುಂದೆ ಚಾಚಿದ ಆ ಬಗೆಯ ಲಾರಿಗಳು ನಮ್ಮ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದವು. ಚಪ್ಪಟೆ ಮುಖದ ಎಷ್ಟೋ ಲಾರಿಗಳಲ್ಲಿ ಬ್ಯಾಟರಿ ಇರುವುದು ಬಾನೆಟ್ಟಿನಡಿ ಅಲ್ಲ, ಚಾಸಿಯ ಪಕ್ಕದ ಪೆಟ್ಟಿಗೆಯಲ್ಲಿ. ಮುಂದೆ ಹೇಳುವ ಮಾತು ಆ ಪೆಟ್ಟಿಗೆಗೂ ಅನ್ವಯಿಸುತ್ತದೆ.

ಬೀಗ ಕೊಡುವುದು ಸಮಯವನ್ನು

1790ರಿಂದ ಲಂಡನ್ನಿನ ಪಿಕಾಡಿಲಿಯ ಅಂಗಡಿಯೊಂದರ ಕಿಟಕಿಯಲ್ಲಿ ಒಂದು ಬೀಗ ಪ್ರದರ್ಶನಕ್ಕಿತ್ತು. ಅದನ್ನು ರೂಪಿಸಿದವನು ಜೋಸೆಫ್ ಬ್ರಾಮಾ. ಕೀಲಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆಂದು ಬಂದ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದೇಬಿಟ್ಟ. ಹಿಡಿದ ಸಮಯ 16 ದಿನಗಳಲ್ಲಿ ಹಂಚಿದ ಸುಮಾರು 51 ಗಂಟೆ.

ತೆರೆಯಲಾಗದ ಬೀಗ ಇಲ್ಲ ಎಂಬುದು ಈ ಕತೆಯ ಒಂದು ಪಾಠ. ಇನ್ನೊಂದು ಪಾಠವೂ ಇದೆ. ರಸ್ತೆ ಬದಿಯ ಕಳ್ಳನಿಗೆ 51 ಗಂಟೆ ಸಿಗುವುದಿಲ್ಲ, ಸಿಗುವುದು ಒಂದೆರಡು ನಿಮಿಷ. ಅಷ್ಟು ಹೊತ್ತು ತಡೆದರೆ ಬೀಗದ ಕೆಲಸ ಮುಗಿಯಿತು.

ಮನೆಯ ಬೀಗದ ಮೇಲೆ ‘6 ಲಿವರ್’, ‘7 ಲಿವರ್’ ಎಂದು ಕೆತ್ತಿರುವುದನ್ನು ಮಕ್ಕಳು ನೋಡಿರುತ್ತಾರೆ. ಲಿವರ್ ಎಂದರೆ ಸನ್ನೆ. ಬೀಗದೊಳಗೆ ಒಂದರ ಪಕ್ಕ ಒಂದರಂತೆ ತೆಳು ಲೋಹದ ತಗಡುಗಳಿದ್ದು, ಪ್ರತಿಯೊಂದೂ ಒಂದು ತುದಿಯಲ್ಲಿ ತಿರುಗುತ್ತದೆ. ಸ್ಪ್ರಿಂಗು ಅದನ್ನು ಕೆಳಗೆ ಒತ್ತಿರುತ್ತದೆ. ಪ್ರತಿ ತಗಡಿನಲ್ಲೂ ಒಂದು ಕಚ್ಚು. ಕೀಲಿಯ ಹಲ್ಲುಗಳು ಎಲ್ಲ ತಗಡುಗಳನ್ನೂ ತಕ್ಕ ಎತ್ತರಕ್ಕೆ ಎತ್ತಿದಾಗ ಮಾತ್ರ ಕಚ್ಚುಗಳು ಒಂದೇ ಸಾಲಿಗೆ ಬಂದು ಅಗುಳಿ ಸರಿಯುತ್ತದೆ. ಕಡಿಮೆ ಎತ್ತಿದರೂ ತಡೆ, ಹೆಚ್ಚು ಎತ್ತಿದರೂ ತಡೆ. ಈ ಎರಡು ಬಗೆಯ ತಡೆಗೆ 1778ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ರಾಬರ್ಟ್ ಬ್ಯಾರನ್. ಒಂದೊಂದು ತಗಡಿಗೆ 4 ಎತ್ತರಗಳೆಂದುಕೊಂಡರೆ 6 ತಗಡುಗಳಿಗೆ 4×4×4×4×4×4, ಅಂದರೆ 4096 ಬಗೆಯ ಕೀಲಿಗಳು ಸಾಧ್ಯ.

ಆದರೆ ಅವಸರದ ಕಳ್ಳ ಕೀಲಿಯ ತಂಟೆಗೇ ಹೋಗುವುದಿಲ್ಲ. ಅವನ ಕೈಯಲ್ಲಿರುವುದು ಹಾರೆ ಅಥವಾ ಸರಳು ಕತ್ತರಿಸುವ ದೊಡ್ಡ ಕತ್ತರಿ. ಆ ಕತ್ತರಿಯೂ ಸನ್ನೆಯೇ. ಹಿಡಿ ಆಧಾರ ಬಿಂದುವಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದು, ಬೀಗದ ಕಂಬಿ 3 ಸೆಂಟಿಮೀಟರ್ ದೂರದಲ್ಲಿ ಸಿಕ್ಕಿಕೊಂಡರೆ ಬಲ 20 ಪಟ್ಟಾಗುತ್ತದೆ. ಕೈಯ 25 ಕಿಲೋಗ್ರಾಂ ಬಲ ಬಾಯಿಯಲ್ಲಿ 500 ಕಿಲೋಗ್ರಾಂ. ಮೆದು ಕಬ್ಬಿಣದ ತೆಳು ಕಂಬಿ ಇದಕ್ಕೆ ನಿಲ್ಲದು.

ಇಲ್ಲಿ ಕಮ್ಮಾರನ ವಿದ್ಯೆ ನೆರವಿಗೆ ಬರುತ್ತದೆ. ತಕ್ಕಷ್ಟು ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಬಹಳ ಗಡಸಾಗುತ್ತದೆ. ಮತ್ತೆ ಹದವಾಗಿ ಕಾಯಿಸಿದರೆ ಗಾಜಿನಂತೆ ಸಿಡಿಯುವ ಗುಣ ತಗ್ಗುತ್ತದೆ. ಬೀಗದ ಕಂಬಿ ಗಡಸಾಗಿದೆಯೇ ಎಂದು ತಿಳಿಯಲು ಅದರ ಮೇಲೆ ಅರ ಆಡಿಸಬೇಕು. ಅರ ಕಚ್ಚಿದರೆ ಮೆದು, ಜಾರಿದರೆ ಗಡಸು. ಕಂಬಿ ಗಿಡ್ಡವಾಗಿಯೂ ಇರಬೇಕು. ಹಾರೆಯ ತುದಿ ತೂರಲು ಜಾಗವೇ ಇಲ್ಲದಿದ್ದರೆ ಸನ್ನೆ ಹೂಡುವುದಾದರೂ ಎಲ್ಲಿ?

ಬೀಗ ಕೂರುವ ಜಾಗ

ಹೆಚ್ಚಿನವರು ತಪ್ಪುವುದು ಇಲ್ಲಿ. ದುಬಾರಿ ಬೀಗ ತರುತ್ತಾರೆ. ಅದನ್ನು ಸಿಕ್ಕಿಸುವ ಪಟ್ಟಿಯನ್ನು ಬಾನೆಟ್ಟಿನ ತಗಡಿಗೆ ಎರಡು ತಿರುಪುಮೊಳೆ ಹಾಕಿ ಕೂರಿಸುತ್ತಾರೆ. ಆ ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರ್. ಹಾರೆ ಮೀಟಿದರೆ ಬೀಗ ಹಾಗೇ ಇರುತ್ತದೆ, ತಗಡು ಹರಿದು ಬರುತ್ತದೆ. ಮಣ್ಣಿನ ಗೋಡೆಗೆ ತೇಗದ ಬಾಗಿಲು ಇಟ್ಟ ಹಾಗೆ.

ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು. ಅದೇ ಬಲವನ್ನು ದೊಡ್ಡ ಜಾಗಕ್ಕೆ ಹಂಚಿದರೆ ತಗಡು ತಡೆದುಕೊಳ್ಳುತ್ತದೆ. ಆದ್ದರಿಂದ ತಗಡಿನ ಒಳಬದಿಗೆ 3-4 ಮಿಲಿಮೀಟರ್ ದಪ್ಪದ, ಅಂಗೈಯಗಲದ ಉಕ್ಕಿನ ತಟ್ಟೆ ಇಡಬೇಕು. ಬಾನೆಟ್ಟಿನ ಅಂಚಿನಲ್ಲಿ ತಗಡು ಮಡಿಚಿ ಗಟ್ಟಿಗೊಳಿಸಿದ ಭಾಗವಿದ್ದರೆ ಅಲ್ಲಿಯೇ ಕೂರಿಸುವುದು ಲೇಸು. ಬೋಲ್ಟಿನ ನುಣುಪು ಗುಂಡುತಲೆ ಹೊರಗಿರಬೇಕು, ನಟ್ಟು ಒಳಗಿರಬೇಕು. ಹೊರಗಿನಿಂದ ಪಾನಾ ಹಿಡಿಯಲು ಏನೂ ಸಿಗಬಾರದು.

ಕೆಳಗಿನ ಪಟ್ಟಿಯನ್ನು ಬಂಪರಿನ ಹಿಂದಿನ ಗಟ್ಟಿ ಅಡ್ಡಪಟ್ಟಿಗೆ ಬಿಗಿಯಬೇಕು. ಬಾನೆಟ್ ಮುಚ್ಚಿದಾಗ ಎರಡು ಪಟ್ಟಿಗಳ ತೂತುಗಳೂ ಎದುರುಬದುರಾದರೆ ಗಿಡ್ಡ ಕಂಬಿಯ ಬೀಗ ನೇರವಾಗಿ ಕೂರುತ್ತದೆ, ಸರಪಳಿಯೇ ಬೇಡ. ಚಾಸಿಗೆ ಮಾತ್ರ ಮನಸ್ಸಿಗೆ ಬಂದಲ್ಲಿ ವೆಲ್ಡಿಂಗ್ ಮಾಡಿಸಬಾರದು. ಬೆಸುಗೆಯ ಶಾಖಕ್ಕೆ ಸುತ್ತಲಿನ ಉಕ್ಕಿನ ಗುಣ ಬದಲಾಗಿ, ಭಾರ ಹೊರುವ ಜಾಗದಲ್ಲಿ ಬಿರುಕು ಹುಟ್ಟಬಹುದು. ಇರುವ ತೂತುಗಳಲ್ಲೇ ಬೋಲ್ಟು ಹಾಕುವುದು ಕ್ಷೇಮ. ಬೇರೆ ಕಡೆ ವೆಲ್ಡಿಂಗ್ ಮಾಡಿಸುವುದಾದರೆ ಮೊದಲು ಬ್ಯಾಟರಿಯ ವೈರುಗಳನ್ನು ಕಳಚಿಡಬೇಕು.

ಬೀಗ ಬಂತೆಂದು ಹಳೆಯ ಚಿಲಕವನ್ನೂ ಅದರ ಎರಡನೆಯ ಕೊಕ್ಕೆಯನ್ನೂ ತೆಗೆದುಹಾಕುವವರಿದ್ದಾರೆ. ಅದು ಅಪಾಯ. ಓಟದಲ್ಲಿ ಎದುರುಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಬಲ ನಾಲ್ಕು ಪಟ್ಟು. ಬೀಗ ಹಾಕಲು ಮರೆತ ದಿನ ಬಾನೆಟ್ ಮೇಲೆದ್ದು ಚಾಲಕನ ಕಣ್ಣಿಗೆ ಅಡ್ಡ ನಿಂತರೆ ಹೋಗುವುದು ಬ್ಯಾಟರಿಯಲ್ಲ, ಪ್ರಾಣ.

ಒಡೆಯನಿಗೆ ತಡೆಯಾಗಬಾರದು

ಪಟ್ಟಿ ಕೂರದ ಕಡೆ ಸರಪಳಿ ಬೇಕಾಗುತ್ತದೆ. ಆಗ ನೆನಪಿಡಬೇಕಾದ್ದು: ಸರಪಳಿ ಲೋಹದ್ದು, ಲೋಹ ವಿದ್ಯುತ್ ವಾಹಕ. ಬ್ಯಾಟರಿಯ ಎರಡು ತುದಿಗಳಿಗೂ ಅದು ತಗುಲಿದರೆ ಏನಾಗುತ್ತದೆ? ಓಮನ ನಿಯಮ ಹೇಳುತ್ತದೆ. 12 ವೋಲ್ಟಿನ ಮಂಡಲದ ಒಟ್ಟು ರೋಧ 0.01 ಓಮ್ ಆದರೆ ಪ್ರವಾಹ 1200 ಆಂಪಿಯರ್. ಲೋಹ ಕೆಂಪಗೆ ಕಾಯುತ್ತದೆ, ಬ್ಯಾಟರಿಯಿಂದ ಹೊರಟ ಹೈಡ್ರೋಜನ್ ಅಲ್ಲಿ ನಿಂತಿದ್ದರೆ ಸಿಡಿಯಬಹುದು. ಪರಿಹಾರ ಸೈಕಲ್ ಅಂಗಡಿಯಲ್ಲಿದೆ. ಹಳೆಯ ಟ್ಯೂಬಿನೊಳಗೆ ಸರಪಳಿಯನ್ನು ತೂರಿಸಿದರೆ ರಬ್ಬರ್ ಅವಾಹಕವಾಗಿ ಕಾಯುತ್ತದೆ. ಬ್ಯಾಟರಿಯ ತುದಿಗಳಿಗೂ ರಬ್ಬರ್ ಟೊಪ್ಪಿ ಇರಲಿ. ಫ್ಯಾನಿಗೂ ಬಿಸಿ ಹೊಗೆಕೊಳವೆಗೂ ಸರಪಳಿ ಎಟುಕದಂತಿರಲಿ.

ಅದಕ್ಕಿಂತ ದೊಡ್ಡ ಮಾತು ಬೆಂಕಿಯದು. ಹಳೆಯ ವೈರು, ಸೋರುವ ಡೀಸೆಲ್ ಕೊಳವೆ ಇರುವ ಕಡೆ ಬೆಂಕಿಯ ಭಯ ಇದ್ದೇ ಇದೆ. ಬಾನೆಟ್ಟಿನಡಿ ಹೊಗೆ ಕಂಡಾಗ ಅದನ್ನು ಪೂರ್ತಿ ಎತ್ತಬಾರದು, ಗಾಳಿ ನುಗ್ಗಿ ಜ್ವಾಲೆ ಏಳುತ್ತದೆ. ಅಂಚನ್ನು ತುಸುವೇ ಸಡಿಲಿಸಿ, ಆ ಸಂದಿಯಿಂದ ಬೆಂಕಿ ಆರಿಸುವ ಸಿಲಿಂಡರಿನ ಪುಡಿಯನ್ನು ಹಾಯಿಸಬೇಕು. ಜ್ವಾಲೆ ಆಗಲೇ ಜೋರಾಗಿದ್ದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯುವುದೇ ಸರಿ. ಕೀಲಿ ಊರಿನ ಮನೆಯ ಗೂಡಿನಲ್ಲಿದ್ದರೆ ಆ ಸಂದಿಯೂ ಸಿಗದು. ಕಳ್ಳನನ್ನು ತಡೆಯಲೆಂದು ಹಾಕಿದ ಬೀಗ ಒಡೆಯನನ್ನೇ ತಡೆದಂತಾಯಿತು. ಆದ್ದರಿಂದ ಬಾನೆಟ್ಟಿನ ಕೀಲಿ ಎಂಜಿನ್ ಕೀಲಿಯ ಗೊಂಚಲಿನಲ್ಲೇ ಇರಬೇಕು. ಇನ್ನೊಂದು ಕ್ಲೀನರನ ಬಳಿ ಇರಲಿ.

ಕೆಸರು, ಧೂಳು ಸಿಡಿಯುವ ಜಾಗವಾದ್ದರಿಂದ ಬೀಗ ಜಡ್ಡುಗಟ್ಟುವುದು ಸಹಜ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಪುಡಿ ಒಣ ಜಾರುಕ. ಮೇಲೆ ರಬ್ಬರಿನ ಒಂದು ಮುಚ್ಚಳ ಇಳಿಬಿಟ್ಟರೆ ಸಾಕು. ಖರ್ಚಿಲ್ಲದ ಉಪಾಯವೂ ಒಂದುಂಟು. ರಾತ್ರಿ ಲಾರಿಯ ಮೂತಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಬಾನೆಟ್ ಎತ್ತಲು ನಿಲ್ಲುವ ಜಾಗವೇ ಇರದು.

ಮಾಡಿ ನೋಡಿ

1. ಕತ್ತರಿಯ ತುದಿಯಿಂದ ದಪ್ಪ ರಟ್ಟು ಕತ್ತರಿಸಿ. ಬಳಿಕ ಅದೇ ರಟ್ಟನ್ನು ಕತ್ತರಿಯ ಕೀಲಿನ ಹತ್ತಿರ ಇಟ್ಟು ಕತ್ತರಿಸಿ. ಎಲ್ಲಿ ಸುಲಭ? ಕೀಲಿನಿಂದ ಹಿಡಿಗೂ ರಟ್ಟಿಗೂ ಇರುವ ದೂರವನ್ನು ಅಳೆದು, ಬಲ ಎಷ್ಟು ಪಟ್ಟಾಯಿತೆಂದು ಲೆಕ್ಕ ಹಾಕಿ.

2. ಸೂಟ್‌ಕೇಸಿನ ಮೂರು ಅಂಕಿಯ ಬೀಗದಲ್ಲಿ 000ರಿಂದ 999ರವರೆಗೆ ಸಾವಿರ ಸಂಖ್ಯೆಗಳಿವೆ. ಒಂದಕ್ಕೆ 3 ಸೆಕೆಂಡು ಹಿಡಿದರೆ ಎಲ್ಲವನ್ನೂ ನೋಡಲು 50 ನಿಮಿಷ. ನಾಲ್ಕು ಅಂಕಿಯಾದರೆ? 8 ಗಂಟೆ 20 ನಿಮಿಷ. ಒಂದೇ ಒಂದು ಅಂಕಿ ಹೆಚ್ಚಿದ್ದಕ್ಕೆ ಸಮಯ ಎಷ್ಟು ಪಟ್ಟಾಯಿತು ನೋಡಿ.

ಕದ್ದ ಬ್ಯಾಟರಿ ಹೋಗುವುದೆಲ್ಲಿಗೆ?

ಲಾರಿಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ ಮತ್ತು ಅದರ ಸಂಯುಕ್ತಗಳು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅಂದರೆ ಸಾಧಾರಣ ಕುಲುಮೆಯಲ್ಲಿ. ಕರಗಿದ ಮೇಲೆ ಅದು ಯಾರ ಬ್ಯಾಟರಿಯದೆಂದು ಹೇಳುವಂತಿಲ್ಲ. ಪರವಾನಗಿಯಿಲ್ಲದ ಕುಲುಮೆಗಳ ಹೊಗೆ ಮತ್ತು ಧೂಳು ಸುತ್ತಲಿನ ಮನೆಗಳ ಅಂಗಳಕ್ಕೆ ಇಳಿಯುತ್ತದೆ. ಮಣ್ಣಿನಲ್ಲಿ ಆಡಿ ಬಾಯಿಗೆ ಕೈಯಿಡುವ ಮಕ್ಕಳ ರಕ್ತಕ್ಕೆ ಸೀಸ ಸೇರಿದರೆ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಇಷ್ಟರವರೆಗೆ ಸೀಸ ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹಳೆಯ ಬ್ಯಾಟರಿಗಳ ವಿಲೇವಾರಿಗೆ 2001ರಲ್ಲಿ ದೇಶದಲ್ಲಿ ನಿಯಮ ಬಂದಿತು. ಅದರ ಸ್ಥಾನದಲ್ಲಿ ಬಂದ 2022ರ ನಿಯಮಗಳು ಬಳಸಿದ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಇಟ್ಟಿವೆ. ಮನೆಯ ಇನ್ವರ್ಟರಿನದೋ ವಾಹನದ್ದೋ ಬ್ಯಾಟರಿ ಹಳತಾದಾಗ ಪಾಲಕರು ಅದನ್ನು ಬೀದಿಯ ಗುಜರಿಗೆ ಹಾಕದೆ, ಹೊಸದನ್ನು ಕೊಂಡ ಅಂಗಡಿಗೇ ಕೊಟ್ಟು ರಸೀದಿ ಪಡೆಯಬೇಕು. ರಸೀದಿ ಕೇಳುವ ಕಡೆ ಕದ್ದ ಮಾಲು ಮಾರುವುದು ಕಷ್ಟ. ಮಾರಲಾಗದ ವಸ್ತುವಿಗಾಗಿ ನಡುರಾತ್ರಿ ಬಾನೆಟ್ ಎತ್ತುವವನೂ ಇಲ್ಲ.