ನಳಿಗೆಗೇಕೆ ಶಿಕ್ಷೆ?

ಹಳೆಯ ವಿಂಚೆಸ್ಟರ್ ಮಾಡೆಲ್ 70 ಬೇಟೆ ರೈಫಲ್‌ನ ಗುಂಡುಗಳು ಚದುರಿ ಬೀಳುತ್ತಿದ್ದರೆ ನಳಿಗೆಯನ್ನೇ ಬದಲಿಸಿ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ! ಮೊದಲು ಒಳಗಿನ ತಾಮ್ರದ ಕಿಟ್ಟ ತೆಗೆಯಲಿ. ಅಮೋನಿಯಾ ಬೆರೆತ ದ್ರಾವಣದಲ್ಲಿ ಅದ್ದಿದ ಬಟ್ಟೆ ನೀಲಿಯಾಗಿ ಹೊರಬಂದರೆ ಕೆಲಸ ಇನ್ನೂ ಬಾಕಿಯಿದೆ.

ಅವರು ಮುಟ್ಟದೇ ಬಿಟ್ಟದ್ದು ನಳಿಗೆ ಕೂರುವ ಮರವನ್ನು. ವಾಲ್‌ನಟ್ ಮರ ತೇವ ಕುಡಿದು ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತಿದರೆ, ಹವೆ ಬದಲಾದಂತೆಲ್ಲ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. 1964ಕ್ಕೆ ಮುಂಚಿನ ಮಾಡೆಲ್ 70ಗಳಲ್ಲಿ ತಳದ ಮೂರು ಸ್ಕ್ರೂಗಳಲ್ಲದೆ, ಮುಂಭಾಗದ ಮರವನ್ನು ನಳಿಗೆಗೇ ಬಿಗಿಯುವ ಇನ್ನೊಂದೂ ಸಾಮಾನ್ಯ. ಮೂರರಲ್ಲಿ ನಡುವಿನದನ್ನು ಜೋರಾಗಿ ತಿರುಗಿಸಿದರೆ ಲೋಹದ ಚೌಕಟ್ಟೇ ಬಾಗುತ್ತದೆ. ಆ ಸ್ಕ್ರೂ ಹಗುರವಾಗಿ ಕೂತರೆ ಸಾಕು. (ಹೆಚ್ಚು ಬಿಗಿದಷ್ಟೂ ಭದ್ರ ಎಂಬ ಭ್ರಮೆ ನಮ್ಮಲ್ಲಿ ಬಹಳ.) ಮುಂಭಾಗದ ಮರವನ್ನು ನಳಿಗೆಗೆ ಬಿಗಿಯುವ ಸ್ಕ್ರೂವನ್ನು ಸಡಿಲಿಸಿ ಮತ್ತೆ ಗುರಿಹಲಗೆಗೆ ಹೊಡೆದು ನೋಡಲು ಒಂದು ಸ್ಕ್ರೂಡ್ರೈವರ್ ಸಾಲದೇ?

ಬೇರೆ ತೂಕದ ತೋಟಾ, ದುರ್ಬೀನಿನ ಸಡಿಲ ಹಿಡಿಕೆ, ಇವೂ ಲೇಖನದಲ್ಲಿಲ್ಲ. ನಳಿಗೆಯ ಬಾಯಂಚು ಸವೆದಿದ್ದರೆ ಅದನ್ನಷ್ಟೇ ಹೊಸದಾಗಿ ಕಡೆಸಬಹುದು. ಇನ್ನು ಸಂಗ್ರಾಹಕರು ಈ ಕೋವಿಗೆ ಹೆಚ್ಚು ಹಣ ಕೊಡುವುದೇ ಅದರ ಮೂಲರೂಪಕ್ಕಾಗಿ. ಹೊಸ ನಳಿಗೆ ಹಾಕಿದರೆ ಆ ಬೆಲೆ ಕುಸಿಯುತ್ತದೆ. ಅದನ್ನಂತೂ ಅವರು ಓದುಗರಿಗೆ ಹೇಳಲೇ ಇಲ್ಲ.