ಕ್ವಾಂಟಮ್ ಸಿಟಿ ಕಟ್ಟಿ, ಆದರೆ ಮೊದಲು ಪಹಣಿಯ ಬೀಗ ಬದಲಿಸಿ

ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿ ಬರುತ್ತದಂತೆ. ರಾಜ್ಯ ಸರ್ಕಾರ 2025ರಲ್ಲಿ 1,000 ಕೋಟಿ ರೂಪಾಯಿಯ ಕ್ವಾಂಟಮ್ ಮಿಷನ್ ಘೋಷಿಸಿತು. ಕೇಂದ್ರದ್ದು ಇನ್ನೂ ದೊಡ್ಡದು: 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ. ಅದರಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಆಗಲಿ, ಸಂತೋಷ. ಆದರೆ ಇಂಥ ಯಂತ್ರಗಳು ದೊಡ್ಡದಾದ ದಿನ ನಮ್ಮ ದಾಖಲೆಗಳ ಬೀಗ ಉಳಿಯುತ್ತದೆಯೇ ಎಂದು ಹಳ್ಳಿಗೆ ಬಂದು ಹೇಳುವವರು ಯಾರು?

ಬೀಗ ಎಂದರೆ ಏನೆಂದು ಮೊದಲು ನೋಡೋಣ. ನೀವು ಫೋನಿನಲ್ಲಿ ದುಡ್ಡು ಕಳಿಸಿದಾಗ, ಬೆರಳಚ್ಚು ಕೊಟ್ಟಾಗ, ಆ ಮಾಹಿತಿಗೆ ಗಣಿತದ ಬೀಗ ಬೀಳುತ್ತದೆ. 3 ಮತ್ತು 5ನ್ನು ಗುಣಿಸಿದರೆ 15. ವಾಪಸ್ 15ರಿಂದ 3 ಮತ್ತು 5ನ್ನು ಹುಡುಕುವುದೂ ಸುಲಭ. ಆದರೆ ಉತ್ತರ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯಾಗಿದ್ದರೆ, ಅದನ್ನು ಒಡೆಯುವುದು ಇಂದಿನ ಯಾವ ಕಂಪ್ಯೂಟರಿಗೂ ಆಗದ ಮಾತು. ಆರ್‌ಎಸ್‌ಎ ಎಂಬ ಬೀಗ ನಿಂತಿರುವುದು ಇದರ ಮೇಲೆ. ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಈ ಬೀಗ ಒಡೆಯಬಹುದು ಎಂದು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು.

ಅಂಥ ಯಂತ್ರ ಇನ್ನೂ ಬಂದಿಲ್ಲ. ನಾಳೆ ನಿಮ್ಮ ಖಾತೆ ಖಾಲಿಯಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಆದರೆ ಲೆಕ್ಕ ಬದಲಾಗುತ್ತಿದೆ. ಈ ಬೀಗ ಒಡೆಯಲು 2 ಕೋಟಿ ಕ್ಯೂಬಿಟ್ ಬೇಕು ಎಂದು 2019ರಲ್ಲಿ ಅಂದಾಜಾಗಿತ್ತು. 10 ಲಕ್ಷಕ್ಕಿಂತ ಕಡಿಮೆಯೇ ಸಾಕು ಎಂದು 2025ರಲ್ಲಿ ಗೂಗಲ್ ಸಂಶೋಧಕರೊಬ್ಬರು ಲೆಕ್ಕ ಕೊಟ್ಟರು.

ಕಳ್ಳ ಅಲ್ಲಿಯವರೆಗೆ ಕಾಯಬೇಕಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಇವತ್ತೇ ಹೊತ್ತೊಯ್ದು, ಕೀಲಿ ಸಿಗುವವರೆಗೆ ಅಟ್ಟದ ಮೇಲೆ ಇಟ್ಟುಕೊಳ್ಳಬಹುದು. ಇಂದಿನ ಒಟಿಪಿ ನಾಳೆ ಕೆಲಸಕ್ಕೆ ಬಾರದು. ನಿಮ್ಮ ಬೆರಳಚ್ಚು, ಕಾಯಿಲೆಯ ವಿವರ? ಅವು ಇಪ್ಪತ್ತು ವರ್ಷದ ನಂತರವೂ ನಿಮ್ಮವೇ. ಪಾಸ್‌ವರ್ಡ್ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾಗದು.

ಪಹಣಿಯ ಕಥೆ ಬೇರೆ. ಅದರಲ್ಲಿ ಗುಟ್ಟೇನಿಲ್ಲ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಇರುವುದು ಸಹಿಯ ಪ್ರಶ್ನೆ. 2000ರ ಸುಮಾರಿಗೆ ಭೂಮಿ ಯೋಜನೆ ಬಂದ ಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಆನ್‌ಲೈನ್ ಪಹಣಿಯನ್ನು ನಾವು ನಂಬುವುದು ಡಿಜಿಟಲ್ ಸಹಿಯನ್ನು ನೋಡಿ. ಸಹಿಯ ಹಿಂದಿನ ಗಣಿತ ಮುರಿದರೆ ನಕಲಿಯೂ ಅಸಲಿಯಂತೆಯೇ ಕಾಣುತ್ತದೆ. ಆಗ ಕೋರ್ಟು ಅಲೆಯಬೇಕಾದವರು ಎರಡೆಕರೆ ಇರುವ ರೈತರು.

ಹೊಸ ಬೀಗ ಸಿದ್ಧವಿದೆ. ಕ್ವಾಂಟಮ್ ದಾಳಿ ತಡೆಯಲೆಂದು ರೂಪಿಸಿದ ಮೂರು ಮಾನದಂಡಗಳನ್ನು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬೀಗ ಬದಲಿಸಿ ಮುಗಿಸಲು ಬ್ರಿಟನ್ 2035ರ ಗಡುವು ಹಾಕಿಕೊಂಡಿದೆ. ನಮ್ಮ ಸೆರ್ಟ್-ಇನ್ ಸಂಸ್ಥೆಯೂ 2025ರಲ್ಲಿ ಈ ಸಿದ್ಧತೆಯ ಬಗ್ಗೆ ಶ್ವೇತಪತ್ರ ಹೊರಡಿಸಿತು. ಪತ್ರ ದೆಹಲಿಯಲ್ಲಿ ಬಂತು, ತಾಲ್ಲೂಕು ಕಚೇರಿಗೆ ಯಾವಾಗ ಬರುತ್ತದೆ? ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಕೂರಿಸಲು 2022ರಲ್ಲಿ 2,516 ಕೋಟಿ ಮಂಜೂರಾಯಿತು. ಹೊಸ ಬಾಗಿಲು ಇಡುವಾಗಲೇ ಹೊಸ ಬೀಗ ಹಾಕಿದರೆ ಖರ್ಚು ಕಡಿಮೆ ಅಲ್ಲವೇ?

'ಒಟಿಪಿ ವಂಚನೆಯನ್ನೇ ತಡೆಯಲಾಗಿಲ್ಲ, ಕ್ವಾಂಟಮ್ ಮಾತೇಕೆ' ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಎರಡಕ್ಕೂ ಬೇಕಾಗಿರುವುದು ಒಂದೇ: ಯಾವ ಮಾಹಿತಿ ಎಲ್ಲಿದೆ, ಅದಕ್ಕೆ ಯಾವ ಬೀಗವಿದೆ ಎಂದು ಗೊತ್ತಿರುವ ಜನ ಊರ ಹತ್ತಿರದ ಕಚೇರಿಯಲ್ಲಿ ಇರಬೇಕು.

ಇದಕ್ಕೆಲ್ಲ ಪಿಎಚ್‌ಡಿ ಬೇಕಿಲ್ಲ. 2000ನೇ ಇಸವಿಗೆ ಮುಂಚೆ ವೈ2ಕೆ ಎಂಬ ದಿನಾಂಕದ ದೋಷ ತಿದ್ದುವ ಕೆಲಸ ಮಾಡಿಯೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಬೆಳೆದವು. ಆಗ ಕೋಡನ್ನು ಸಾಲುಸಾಲಾಗಿ ಹುಡುಕಿ ತಿದ್ದಿದವರು ಸಾಮಾನ್ಯ ಪದವೀಧರರು. ಬೀಗ ಬದಲಿಸುವುದೂ ಅಂಥದ್ದೇ ಕೆಲಸ. ಇನ್ನು ಕ್ವಾಂಟಮ್ ಯಂತ್ರಗಳಲ್ಲಿ ಹಲವನ್ನು ಮೈನಸ್ 273 ಡಿಗ್ರಿಯ ಹತ್ತಿರ ತಣ್ಣಗಿಡಬೇಕು. ಅಲ್ಲಿ ನಿರ್ವಾತ ಪಂಪು, ವೈರಿಂಗ್, ತಂಪು ಯಂತ್ರ ನೋಡಿಕೊಳ್ಳುವವರು ಬೇಕು. ಐಟಿಐ, ಡಿಪ್ಲೊಮಾ ಓದಿದ ಮಕ್ಕಳನ್ನು ಇದಕ್ಕೆ ಈಗಿನಿಂದಲೇ ತಯಾರು ಮಾಡದಿದ್ದರೆ ಹೆಸರಘಟ್ಟದಲ್ಲಿ ನಮಗೆ ಸಿಗುವುದು ಸೆಕ್ಯುರಿಟಿ ಗಾರ್ಡ್ ಕೆಲಸ.

ನಮ್ಮ ಬೇಡಿಕೆ ಮೂರು. ಕಂದಾಯ, ಆರೋಗ್ಯ, ಸಹಕಾರ ಇಲಾಖೆಗಳು ಬೀಗ ಬದಲಿಸಿ ಮುಗಿಸುವ ದಿನಾಂಕವನ್ನು ಕನ್ನಡದಲ್ಲಿ ಪ್ರಕಟಿಸಲಿ. ಇನ್ನು ಮುಂದಿನ ಪ್ರತಿ ಸರ್ಕಾರಿ ಸಾಫ್ಟ್‌ವೇರ್ ಟೆಂಡರ್‌ನಲ್ಲಿ ಹೊಸ ಬೀಗದ ಷರತ್ತು ಇರಲಿ. ಜಿಲ್ಲೆಗೊಂದಾದರೂ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಈ ತರಬೇತಿ ಕನ್ನಡದಲ್ಲೇ ಶುರುವಾಗಲಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮುಂದಿನ ಗ್ರಾಮಸಭೆಗೆ ಅಧಿಕಾರಿಗಳು ಬಂದಾಗ ಒಂದೇ ಪ್ರಶ್ನೆ ಕೇಳಿ: "ಸಾರ್, ನಮ್ಮ ಪಹಣಿಯ ಬೀಗ ಬದಲಿಸುವುದು ಯಾವಾಗ?" ಉತ್ತರ ಗೊತ್ತಿಲ್ಲ ಎಂದರೆ ಅದನ್ನೇ ನಡಾವಳಿಯಲ್ಲಿ ಬರೆಸಿ.