ಮುದ್ದೆ ಮುರಿದ ಮಧ್ಯಾಹ್ನ

ಮುದ್ದೆಯನ್ನು ಅಗಿಯಬಾರದು ಅಂತ ಹತ್ತೊಂಬತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಸಾಗರದ ಕಡೆಯವಳಿಗೆ ಯಾರು, ಯಾಕೆ ಹೇಳುತ್ತಾರೆ? ನಮ್ಮದು ಅಕ್ಕಿಯ ಸೀಮೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹಾಗಾಗಿ 2025ರ ಜುಲೈ ಮೊದಲ ವಾರ ಬೆಂಗಳೂರಿನ ಫ್ರೀಡಂ ಪಾರ್ಕಿನ ಶಾಮಿಯಾನದ ಕೆಳಗೆ ಕೂತು ಮುದ್ದೆಯ ತುತ್ತನ್ನು ಚೂಯಿಂಗ್ ಗಮ್ಮಿನಂತೆ ಜಗಿಯುತ್ತಿದ್ದಾಗ, ಪಕ್ಕದಲ್ಲಿದ್ದ ದೇವನಹಳ್ಳಿ ಸೀಮೆಯ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಗೀಬ್ಯಾಡ ಕಣಮ್ಮಾ, ಹಲ್ಲಿಗೆ ಮೆತ್ಕಂತದೆ. ಮುರಿ, ಸಾರಿಗದ್ದು, ನುಂಗು." ಅಷ್ಟು ಹೇಳಿ ತನ್ನ ತಟ್ಟೆಯಿಂದಲೇ ಒಂದು ತುತ್ತು ಮುರಿದು ನುಂಗಿ ತೋರಿಸಿದಳು. ಅವಳ ಭೂಮಿ ಸರ್ಕಾರದ ಪಟ್ಟಿಯಲ್ಲಿತ್ತು. ಇನ್ನು ಹತ್ತು ದಿನದಲ್ಲಿ ಅದು ಉಳಿಯುತ್ತದೋ ಹೋಗುತ್ತದೋ ತೀರ್ಮಾನವಾಗುವುದಿತ್ತು. ಅಂಥ ಹೊತ್ತಿನಲ್ಲಿ ಅವಳ ಚಿಂತೆ ನನ್ನ ಮುದ್ದೆ.

ನಾನು ಅಲ್ಲಿಗೆ ಹೋದದ್ದು ಮಹಾ ಬದ್ಧತೆಯಿಂದ ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮ ತರಗತಿಯ ಹುಡುಗಿಯೊಬ್ಬಳು ಕರೆದಳು. ಮಧ್ಯಾಹ್ನದ ಎರಡು ಪೀರಿಯಡ್ ನಿದ್ದೆ ಬರಿಸುವಂಥವು. ಅರ್ಧ ಕುತೂಹಲ, ಇನ್ನರ್ಧ ಇನ್‌ಸ್ಟಾಗ್ರಾಂ. ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಲೆಕ್ಕವನ್ನು ಬಸ್ಸಿನಲ್ಲೇ ಬೆರಳಲ್ಲಿ ಎಣಿಸಿಕೊಂಡೆ. ಎರಡು ತಪ್ಪಿದರೆ ಪರವಾಗಿಲ್ಲ ಅಂತ ಖಾತ್ರಿಯಾದ ಮೇಲೇ ಕ್ರಾಂತಿಗೆ ಇಳಿದದ್ದು.

ವಿಷಯ ಇಷ್ಟು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಅಂತ ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಗುರುತು ಹಾಕಿತ್ತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ರಾಗಿ, ದ್ರಾಕ್ಷಿ, ತರಕಾರಿ, ರೇಷ್ಮೆ, ಹಾಲು ಅಂತ ದಿನದ ದುಡಿಮೆಯಲ್ಲಿ ಬದುಕುವ ಜನ. ಮಧ್ಯೆ ಸರ್ಕಾರ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. 2025ರ ಜೂನ್‌ನಲ್ಲಿ 495 ಎಕರೆ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂದಾಗ ಸಿಟ್ಟು ಹೆಚ್ಚಾಯಿತು. ಜೂನ್ 25ರ 'ದೇವನಹಳ್ಳಿ ಚಲೋ'ದಲ್ಲಿ ಪೊಲೀಸರು ಜನರನ್ನು ಎತ್ತಿ ವ್ಯಾನಿಗೆ ಹಾಕಿದ ವೀಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಧರಣಿ ಬೆಂಗಳೂರಿಗೆ ಬಂತು. ಮೂರು ವರ್ಷ ಅವರು ಕೂತಿದ್ದು ನನ್ನ ಹಾಸ್ಟೆಲಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ. ನನಗೆ ತಿಳಿದದ್ದು ಅವರು ಮೆಟ್ರೋ ದೂರಕ್ಕೆ ಬಂದಾಗ.

ಘೋಷಣೆ ಕೂಗುವುದೂ ಒಂದು ವಿದ್ಯೆ. ಮೈಕಿನಲ್ಲಿ "ಬೇಕೇ ಬೇಕು" ಅಂದಾಗ ಎಲ್ಲರೂ "ನ್ಯಾಯ ಬೇಕು" ಅನ್ನುತ್ತಾರೆ. ಇಷ್ಟೇ. ಆದರೆ ಮೊದಲ ಸಲ ನನ್ನ ಗಂಟಲಿನಿಂದ ಹೊರಟದ್ದು ಗಾಳಿ. ಎರಡನೆಯ ಸಲ ಎಲ್ಲರೂ ಮುಗಿಸಿ ಸುಮ್ಮನಾದ ಮೇಲೆ ನನ್ನದೊಂದು ಒಂಟಿ "ಬೇಕು" ಉಳಿಯಿತು. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದರು. ಶಾಲೆಯಲ್ಲಿ ಆಗಸ್ಟ್ 15ಕ್ಕೆ "ಜೈ" ಅಂದದ್ದು ಬಿಟ್ಟರೆ ನಾವು ಒಟ್ಟಾಗಿ ಏನನ್ನೂ ಕೇಳಿದವರಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂವತ್ತೈದು ವರ್ಷದ ಮೇಲಾಗಿದೆ. ಈಗ ಇರುವುದು ಕ್ಲಾಸ್ ರೆಪ್ರೆಸೆಂಟೇಟಿವ್. ಅವಳ ಕೆಲಸ ಅಸೈನ್‌ಮೆಂಟಿನ ಕೊನೆಯ ದಿನಾಂಕವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವುದು. ಚುನಾವಣೆ ಮತ್ತೆ ತಂದರೆ ಗೂಂಡಾಗಿರಿಯೂ ಮತ್ತೆ ಬರುತ್ತದೆ ಅಂತ ಹಿರಿಯರು ಹೆದರಿಸುತ್ತಾರೆ. ಇರಬಹುದು. ಬೇಡಿಕೆಯೊಂದನ್ನು ಗಟ್ಟಿಯಾಗಿ ಹೇಳಲು ಬಾರದ ಒಂದೂವರೆ ತಲೆಮಾರು ತಯಾರಾದದ್ದನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ತಮಟೆ. ಡೊಳ್ಳು ನನಗೆ ಹೊಸದಲ್ಲ. ನಮ್ಮ ಕಡೆ ದೀವರ ಹುಡುಗರು ಸೊಂಟಕ್ಕೆ ಕಟ್ಟಿಕೊಂಡು ಕುಣಿದರೆ ಎದೆಯೊಳಗೇ ಗುಡುಗು. ಹೆಗ್ಗೋಡಿನ ನೀನಾಸಂ ಪಕ್ಕದಲ್ಲೇ ಇರುವುದರಿಂದ ನಾಟಕವೂ ಹೊಸದಲ್ಲ. ಬೆಂಗಳೂರಿಗೆ ಬರುವಾಗ 'ಸಂಸ್ಕೃತಿ'ಯ ಮಟ್ಟಿಗೆ ನಾನೇನೂ ಬಡವಿಯಲ್ಲ ಎಂಬ ಸಣ್ಣ ಜಂಬವಿತ್ತು. ತಮಟೆ ಅದನ್ನು ಇಳಿಸಿತು. ಡೊಳ್ಳು ತುಂಬಿಕೊಳ್ಳುವ ಸದ್ದು, ತಮಟೆ ಕೊಯ್ಯುವ ಸದ್ದು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಸಾಲದಿದ್ದರೆ ಮತ್ತೆ ಕಾಯಿಸಿ ಹದಕ್ಕೆ ತರುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಯಾಕೆ ನೋಡಿರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಊರಿನಲ್ಲಿದೆ. ಅಲ್ಲಿ ಅದನ್ನು ಬಾರಿಸುವವರು ಜಾತ್ರೆಯಲ್ಲಿ ದೇವರ ಮುಂದೆ, ಸಾವಿನಲ್ಲಿ ಹೆಣದ ಮುಂದೆ. ಎರಡೂ ಕಡೆ ಅವರು ಯಾರ ಮನೆಯ ಒಳಗೂ ಇಲ್ಲ. ಇಲ್ಲಿ ಒಬ್ಬಾಕೆ ತಮಟೆಯನ್ನು ಎದೆಗೊತ್ತಿಕೊಂಡು ವೇದಿಕೆಯ ನಟ್ಟನಡುವೆ ನಿಂತಿದ್ದಳು. ಹಾಡು ಹೇಳುವವರು ಅವಳ ಏಟಿಗೆ ಹೊಂದಿಕೊಳ್ಳಬೇಕಿತ್ತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಲ್ಲಿ ಹಾಡು ಕಟ್ಟಿ ಮೆರವಣಿಗೆ ಹೊರಟಾಗ ಆದದ್ದು ಇದೇ ಇರಬೇಕು. ಪಠ್ಯದಲ್ಲಿ 'ದಲಿತ–ಬಂಡಾಯ ಸಾಹಿತ್ಯ: ಹತ್ತು ಅಂಕ' ಅಂತ ಓದಿದ್ದೆ. ಚರ್ಮ ಕಾಯುವ ವಾಸನೆ ಆ ಹತ್ತು ಅಂಕದಲ್ಲಿ ಇರಲಿಲ್ಲ.

ಇಷ್ಟು ಹೊತ್ತಿಗೆ ನಾನು ಪೂರ್ತಿ ಹೋರಾಟಗಾರ್ತಿಯಾಗಿ ಬಿಟ್ಟಿದ್ದೆ. ಆಗ ಸಿಕ್ಕವನು ಅದೇ ಹೋಬಳಿಯ, ಹೆಚ್ಚೂಕಡಿಮೆ ನನ್ನ ವಯಸ್ಸಿನ ಹುಡುಗ. ನೀರಿನ ಕ್ಯಾನು ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. "ನಿಮಗೆ ವ್ಯವಸಾಯ ಇಷ್ಟವಾ?" ಅಂತ ಕೇಳಿದೆ. ಪೇಟೆಯವಳ ಪ್ರಶ್ನೆ. ಅವನು ಸುತ್ತ ನೋಡಿ, ದನಿ ತಗ್ಗಿಸಿ, "ಒಳ್ಳೇ ರೇಟು ಕೊಟ್ಟು, ಮನೆಗೊಂದು ಖಾತ್ರಿ ಕೆಲಸ ಕೊಟ್ರೆ ನಾನಂತೂ ಕೊಟ್ಬಿಡ್ತೀನಿ. ಆದ್ರೆ ಅಪ್ಪ ಕೊಡಲ್ಲ. ಅಪ್ಪ ಕೂತಿರೋವರ್ಗೂ ನಾನೂ ಕೂರ್ತೀನಿ" ಅಂದ. ಏರ್‌ಪೋರ್ಟಿಗೆ ಹಿಂದೆ ಜಮೀನು ಕೊಟ್ಟ ನೆಂಟರ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನೂ ಹೇಳಿದ. ಇಬ್ಬರು ಕ್ಯಾಬ್ ಓಡಿಸುತ್ತಾರೆ, ಒಬ್ಬ ಬಾಡಿಗೆ ಮನೆ ಕಟ್ಟಿಸಿ ಚೆನ್ನಾಗಿದ್ದಾನೆ. ನನ್ನ ಮೊಬೈಲಿನಲ್ಲಿ ಅದಾಗಲೇ ಟೈಪಿಸಿಟ್ಟಿದ್ದ 'ಮಣ್ಣಿನ ಮಕ್ಕಳ ಒಕ್ಕೊರಲ ದನಿ' ಎಂಬ ಸ್ಟೇಟಸ್ಸನ್ನು ಅಳಿಸಿದೆ. ಒಕ್ಕೊರಲೆಂಬುದು ದೂರದಿಂದ ಕೇಳುವವರಿಗೆ ಮಾತ್ರ. ಅಪ್ಪನ ಪಕ್ಕ ಕೂತ ಮಗನ ಅನುಮಾನವೂ ಆ ಶಾಮಿಯಾನದ ಕೆಳಗೇ ಇತ್ತು. ಅದಿದ್ದೂ ಅವನು ಕೂತಿದ್ದ ಎಂಬುದೇ ನನಗೆ ಹೆಚ್ಚಿನದಾಗಿ ಕಂಡಿತು.

ಜಾಗದ ಬಗ್ಗೆ ಹೇಳಬೇಕು. ಫ್ರೀಡಂ ಪಾರ್ಕ್ ಎಂಬ ಹೆಸರೇ ಒಂದು ತಮಾಷೆ. ಅದು ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ 2008ರಲ್ಲಿ ಉದ್ಯಾನವಾಯಿತು. ಕಾವಲು ಗೋಪುರ, ಬ್ಯಾರಕ್ಕುಗಳು ಹಾಗೇ ಇವೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದರು ಎಂಬುದನ್ನು ಯಾರಾದರೂ ಹೇಳುತ್ತಾರೆ. ಆ ದಿನದವರೆಗೆ ನನಗೆ ಯಾರೂ ಹೇಳದೇ ಇದ್ದದ್ದು ಸ್ನೇಹಲತಾ ರೆಡ್ಡಿಯ ಹೆಸರು.

ಅದಕ್ಕೂ ಒಂದು ತಿಂಗಳ ಹಿಂದೆ ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪಿನಲ್ಲಿ 'ಸಂಸ್ಕಾರ' ನೋಡಿದ್ದೆ. 1970ರ ಚಿತ್ರ, ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದದ್ದು. ಕಾರ್ನಾಡರ ಪ್ರಾಣೇಶಾಚಾರ್ಯನಿಗಿಂತ ನನಗೆ ಹಿಡಿಸಿದ್ದು ಚಂದ್ರಿ: ಅಗ್ರಹಾರದ ಗಂಡಸರು ಹೆಣ ಸುಡುವವರು ಯಾರು ಅಂತ ಚರ್ಚಿಸುತ್ತಿರುವಾಗ ಮೈಮೇಲಿನ ಬಂಗಾರ ಬಿಚ್ಚಿಡುವವಳು. ಆ ಚಂದ್ರಿ, ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಹೆಂಡತಿ ಸ್ನೇಹಲತಾ. ಗಂಡ ಹೆಂಡತಿ ಇಬ್ಬರೂ ಸಮಾಜವಾದಿ ನಾಯಕ ಲೋಹಿಯಾ ಅನುಯಾಯಿಗಳು. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದಾಗ ಅವರ ನಂಟಿನ ಕಾರಣಕ್ಕೆ 1976ರ ಮೇ ತಿಂಗಳಲ್ಲಿ ಈಕೆಯನ್ನು ಹಿಡಿದು ಇದೇ ಜೈಲಿಗೆ ಹಾಕಿದರು. ಆಸ್ತಮಾ ರೋಗಿ. ಎಂಟು ತಿಂಗಳು. ಫರ್ನಾಂಡಿಸರ ಮೇಲೆ ಹೂಡಿದ ಬರೋಡ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಕೊನೆಗೆ ಈಕೆಯ ಹೆಸರೇ ಇರಲಿಲ್ಲ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು.

ಇದನ್ನು ನನಗೆ ಹೇಳಿದವರು ಕೋಲಾರದ ಕಡೆಯ ಒಬ್ಬ ಮುದುಕರು, ಹೆಗಲ ಮೇಲೆ ಮಾಸಿದ ಹಸಿರು ಟವೆಲ್ಲು. 'ಸಂಸ್ಕಾರ' ನೋಡಿದ್ದೀನಿ ಅಂತ ನಾನು ಸ್ವಲ್ಪ ಮೆರೆಯಲು ಹೋದಾಗ, ಬ್ಯಾರಕ್ಕಿನ ಕಡೆ ಗದ್ದ ಎತ್ತಿ, "ಆಯಮ್ಮ ಇದ್ದಿದ್ದು ಇಲ್ಲೇ" ಅಂದರು. ಬಿಸಿಲು ಇಳಿಯುತ್ತಿತ್ತು. ಗೋಡೆಯ ಆಚೆ ಶೇಷಾದ್ರಿ ರಸ್ತೆಯ ಹಾರನ್ನುಗಳು. ಲ್ಯಾಪ್‌ಟಾಪಿನ ಪರದೆಯಲ್ಲಿ ಕಪ್ಪು ಬಿಳುಪಾಗಿ ತುಂಗೆಯ ದಂಡೆಯಲ್ಲಿ ಓಡಾಡಿದ ಹೆಂಗಸು ಉಸಿರಿಗಾಗಿ ಒದ್ದಾಡಿದ ಜಾಗದಲ್ಲಿ ನಾನು ಕೈ ತೊಳೆಯಲು ನಲ್ಲಿ ಹುಡುಕುತ್ತಿದ್ದೆ.

ಮುದುಕರು ಬಿಡಲಿಲ್ಲ. "ಯಾವೂರು?" ಅಂದರು. ಸಾಗರದ ಹತ್ತಿರ ಅಂದೆ. "ಕಾಗೋಡು ಗೊತ್ತಾ?" ಗೊತ್ತು, ನಮ್ಮೂರಿಂದ ಹತ್ತಿರ, ಬಸ್ಸಿನ ಬೋರ್ಡಿನಲ್ಲಿ ದಿನಾ ನೋಡಿದ್ದೀನಿ. "ಅಷ್ಟೇನಾ?" ಅಷ್ಟೇ. ಆ ಮನುಷ್ಯ ಹಣೆ ಚಚ್ಚಿಕೊಂಡರು. ಆಮೇಲೆ ಕೋಲಾರದ ಕನ್ನಡದಲ್ಲಿ, ನಡುನಡುವೆ ತೆಲುಗು ಬೆರೆಸಿ, ನಮ್ಮೂರಿನ ಕತೆಯನ್ನು ನನಗೇ ಹೇಳಿದರು. 1951ರಲ್ಲಿ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆ ಸರಿಯಿಲ್ಲ, ಒಡೆಯರ ಕೊಳಗ ದೊಡ್ಡದು ಅಂತ ತಕರಾರು ತೆಗೆದದ್ದು. ಗಣಪತಿಯಪ್ಪ ಜನರನ್ನು ಸಂಘಟಿಸಿದ್ದು, ಗೋಪಾಲಗೌಡರು ಮತ್ತು ಇತರ ಸಮಾಜವಾದಿಗಳು ಜೊತೆಯಾದದ್ದು. ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದದ್ದು. ಅಲ್ಲಿಂದ ಹೊರಟ ದಾರಿ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆಗೆ ಬಂದು ಮುಟ್ಟಿದ್ದು. "ನಿಮ್ಗೆ ಜಮೀನದೆಯಾ?" ಎರಡು ಎಕರೆ. "ಹೆಂಗೆ ಬಂತು?" ಗೊತ್ತಿಲ್ಲ, ಅಜ್ಜಿಯ ಕಾಲದ್ದು. "ಹೋಗಿ ಕೇಳು."

ಕೊಳಗ ಎಂಬ ಪದ ನನ್ನ ತಲೆಯಿಂದ ಹೋಗಲಿಲ್ಲ. ಒಂದು ಪಾತ್ರೆ ಎಷ್ಟು ದೊಡ್ಡದಿರಬೇಕು ಎಂಬ ಜಗಳದಿಂದ ಕಾನೂನು ಹುಟ್ಟಿದ ನಾಡು ಇದು. ಈಗ ಬೆಂಗಳೂರಿನಲ್ಲಿ ಸಿಟ್ಟಿಗೂ ಒಂದು ಕೊಳಗ ಗೊತ್ತುಮಾಡಿದ್ದಾರೆ. ಸಂಚಾರಕ್ಕೆ ತೊಂದರೆಯಾಗುತ್ತದೆಂದು 2021ರ ಆದೇಶದ ಪ್ರಕಾರ ಧರಣಿ, ಮೆರವಣಿಗೆ ಏನಿದ್ದರೂ ಈ ಫ್ರೀಡಂ ಪಾರ್ಕಿನ ಒಳಗೇ. ಮೊದಲೇ ಅರ್ಜಿ ಕೊಡಬೇಕು. ವಿಧಾನಸೌಧಕ್ಕೆ ಕೇಳಿಸದಂತೆ, ಕಾರಿನಲ್ಲಿ ಹೋಗುವವರಿಗೆ ಕಾಣಿಸದಂತೆ, ಜೈಲಿನ ಗೋಡೆಯ ಒಳಗೆ ಕೂಗಿಕೊಳ್ಳಿ ಎಂಬ ವ್ಯವಸ್ಥೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸಿನ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ರಾಜಕಾರಣಿಯ ಮಗನ ಮದುವೆಗೂ, ಕ್ರಿಕೆಟ್ ಗೆದ್ದ ಸಂಭ್ರಮಕ್ಕೂ ತೆರೆದುಕೊಳ್ಳುವ ರಸ್ತೆ ಆಶಾ ಕಾರ್ಯಕರ್ತೆಗೆ ಮಾತ್ರ ಮುಚ್ಚಿಕೊಳ್ಳುವುದು ಯಾವ ಸಂಚಾರ ನಿಯಮ?

ಒಂದೇ ಕಡೆ ತಳ್ಳಿದ್ದರಿಂದ ಆಳುವವರು ನೆನೆಸದ ಒಂದು ಲಾಭವೂ ಆಗಿದೆ. ಆ ಅಂಗಳದಲ್ಲೇ 2025ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯ ಆಶಾ ಕಾರ್ಯಕರ್ತೆಯರು ಗುಲಾಬಿ ಸೀರೆಯಲ್ಲಿ ರಾತ್ರಿ ಮಲಗಿ, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಹೋಗಿದ್ದರು. ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕನ್ನಡಿಗರಿಗೇ ಅರ್ಥವಾಗುವುದಿಲ್ಲ ಅಂತ ನಮ್ಮ ಅಣ್ಣಂದಿರ ವಯಸ್ಸಿನವರು ಕೂತದ್ದೂ ಅಲ್ಲೇ. ಬೀದರ್, ಚಾಮರಾಜನಗರ, ಕಾರವಾರದ ಬುತ್ತಿಗಳು ಒಟ್ಟಿಗೆ ಬಿಚ್ಚಿಕೊಳ್ಳುವ ಇಂಥ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಸಾಹಿತ್ಯ ಸಮ್ಮೇಳನ ಅನ್ನುತ್ತೀರಾ? ಅಲ್ಲಿ ಊಟಕ್ಕೆ ಕೂಪನ್ ಇರುತ್ತದೆ.

ಜುಲೈ 4ರಂದು ಮುಖ್ಯಮಂತ್ರಿ ಹತ್ತು ದಿನ ಕೇಳಿದರು. 15ರಂದು ಇಡೀ 1,777 ಎಕರೆಯ ಸ್ವಾಧೀನ ಕೈಬಿಟ್ಟೆವೆಂದರು. ತಾವಾಗಿ ಕೊಡುವವರಿಂದ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ ಎಂಬ ಬಾಲವೂ ಇತ್ತು. ಧರಣಿ ಕೂತು 1,198 ದಿನವಾಗಿತ್ತು. ಆಂಧ್ರದ ಮಂತ್ರಿ ನಾರಾ ಲೋಕೇಶ್, ಹಾಗಾದರೆ ನಮ್ಮಲ್ಲಿಗೆ ಬನ್ನಿ, ಜಮೀನು ಸಿದ್ಧವಿದೆ ಅಂತ ಕಂಪನಿಗಳನ್ನು ಕರೆದರು. ನಮ್ಮ ತರಗತಿಯ ಗುಂಪಿನಲ್ಲಿ ಅರ್ಧ ಜನ "ಗೆದ್ದರು" ಅಂತ ಮುಷ್ಟಿಯ ಚಿತ್ರ ಹಾಕಿದರೆ, ಇನ್ನರ್ಧ ಜನ "ಕೆಲಸ ಆಂಧ್ರಕ್ಕೆ ಹೋಯ್ತು" ಅಂತ ಅಳುವ ಚಿತ್ರ ಹಾಕಿದರು. ನಾನು ಎರಡನ್ನೂ ಹಾಕಲಿಲ್ಲ. ನೀರಿನ ಕ್ಯಾನಿನ ಹುಡುಗ ಆ ಬಾಲದ ಮಾತನ್ನು ಹೇಗೆ ಕೇಳಿಸಿಕೊಂಡಿರಬಹುದು ಅಂತ ಯೋಚಿಸುತ್ತಿದ್ದೆ. ಅವನ ಮನೆಯ ಧರಣಿ ಬಹುಶಃ ಈಗ ಶುರು.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ಊರಿಗೆ ಹೋದೆ. ಅಜ್ಜಿ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ಬಸುರಿ ಭೂಮಿಗೆ ಬಯಕೆಯ ಊಟ ಕೊಡುವ ಹಬ್ಬ. ರಾತ್ರಿಯಿಡೀ ಅಡುಗೆ, ಬೆಳಗಾಗುವ ಮೊದಲೇ ಗದ್ದೆಗೆ. ಪಕ್ಕದಲ್ಲಿ ಕೂತು ಕಾಗೋಡಿನ ಗಲಾಟೆಯಲ್ಲಿ ನಮ್ಮವರು ಯಾರಾದರೂ ಇದ್ದರಾ ಅಂತ ಕೇಳಿದೆ. ಕಡ್ಡಿ ನಿಲ್ಲಿಸದೆ, "ನನ್ನಪ್ಪ ಹೋಗಿದ್ದ" ಅಂದಳು. ಜೈಲಿಗೂ ಹಾಕಿದ್ದರಂತೆ. ಅವಳಿಗಾಗ ನಾಲ್ಕೋ ಐದೋ ವರ್ಷ.

"ಇಷ್ಟು ದಿನ ಎಂತಕ್ಕೆ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದ್ದೆ?"

ನಿನ್ನಪ್ಪ ಬಂದಮೇಲೆ ಏನು ಹೇಳಿದರು, ಪೊಲೀಸರು ಹೊಡೆದರಾ, ಲೋಹಿಯಾರನ್ನು ನೋಡಿದ್ದರಾ ಅಂತ ಒಂದೇ ಉಸಿರಿಗೆ ಕೇಳಿದೆ. ಅಜ್ಜಿಗೆ ಅದ್ಯಾವುದೂ ನೆನಪಿಲ್ಲ. ಒಂದು ಮಾತ್ರ ಇದೆ. ಜೈಲಿನಿಂದ ಬಂದವನು ಅಂಗಳದಲ್ಲಿ ಕೂತು ಎಲ್ಲರೆದುರು ದೂರಿದ್ದು ಊಟದ ಬಗ್ಗೆ. ದಿನಾ ಮುದ್ದೆ ಕೊಡುತ್ತಿದ್ದರಂತೆ. ತಿನ್ನಲು ಬಾರದೆ, ಹಲ್ಲಿಗೆ ಅಂಟಿ, ಪಕ್ಕದ ಕೈದಿಗಳೆಲ್ಲ ನಗುತ್ತಿದ್ದರಂತೆ.

"ಅಗಿದಿರಬೇಕು" ಅಂದೆ.

ಅಜ್ಜಿ ಚಿತ್ತಾರದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. "ಅಗೀದೆ ಮತ್ತೆಂತ ಮಾಡ್ತಾರೆ?"